ತ್ರಾಸಕ್ಕೊಂದು ಅಳತೆಗೋಲು

1811ರ ಸೆಪ್ಟೆಂಬರ್ 30. ಮಧ್ಯಾಹ್ನದ ಹೊತ್ತು ಪ್ಯಾರಿಸ್ ನಗರದ ಒಂದು ಮನೆಯ ಬಾಗಿಲಿಗೆ ಒಂದರ ಹಿಂದೊಂದು ಕುದುರೆಗಾಡಿಗಳು ಬಂದು ನಿಂತವು. ಕಪ್ಪು ಉಡುಪು ತೊಟ್ಟ 7 ಮಂದಿ ಗಂಡಸರು ಇಳಿದು, ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದರು. ಅವರಲ್ಲಿ ಒಬ್ಬ ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯ ಲಾರೆ. ಒಳಗೆ ಕಾಯುತ್ತಿದ್ದವಳು ಇಂಗ್ಲೆಂಡಿನ ಹೆಸರಾಂತ ಕಾದಂಬರಿಗಾರ್ತಿ ಫ್ಯಾನಿ ಬರ್ನಿ. ಆಗ ಆಕೆಗೆ 59 ವರ್ಷ. ಬಲ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು, ತೆಗೆಯಲೇಬೇಕೆಂದು ವೈದ್ಯರು ನಿರ್ಧರಿಸಿದ್ದರು. ಈ ದಿನವೇ ಬರುತ್ತಾರೆಂಬುದು ಆಕೆಗೆ ಗೊತ್ತಾದದ್ದು ಅಂದು ಬೆಳಿಗ್ಗೆ. ಅರಿವಳಿಕೆಯ ಔಷಧ ಜಗತ್ತಿಗೆ ಬರಲು ಇನ್ನೂ 35 ವರ್ಷ ಬಾಕಿಯಿತ್ತು. ಕುಡಿಯಲು ಒಂದಿಷ್ಟು ದ್ರಾಕ್ಷಾರಸ ಕೊಟ್ಟರು, ಮುಖದ ಮೇಲೆ ತೆಳುವಾದ ಕರವಸ್ತ್ರ ಹಾಸಿದರು. ಅದು ಎಷ್ಟು ತೆಳುವಾಗಿತ್ತೆಂದರೆ ಅದರೊಳಗಿಂದ ಕತ್ತಿಯ ಹೊಳಪು ಕಾಣುತ್ತಿತ್ತು.

ಇದನ್ನೆಲ್ಲ ನಾವು ತಿಳಿದಿರುವುದು ಬರ್ನಿ ತನ್ನ ಅಕ್ಕ ಎಸ್ತರ್‌ಗೆ ಬರೆದ ದೀರ್ಘ ಪತ್ರದಿಂದ. ಶಸ್ತ್ರಕ್ರಿಯೆಯಾಗಿ ಎಷ್ಟೋ ತಿಂಗಳ ಮೇಲೆ ಆಕೆ ಅದನ್ನು ಬರೆಯತೊಡಗಿದಳು. ಬರೆಯುತ್ತಾ ಬರೆಯುತ್ತಾ ತಲೆನೋವು ಬಂದು ನಿಲ್ಲಿಸುತ್ತಿದ್ದಳು, ಬರೆದದ್ದನ್ನು ಮತ್ತೆ ಓದಲು ಆಕೆಗೆ ಧೈರ್ಯವಿರಲಿಲ್ಲ. ಪಟ್ಟಿ ಕಟ್ಟುವವರೆಗೆ ಎಲ್ಲ ಸೇರಿ 20 ನಿಮಿಷ ಎಂದು ಲೆಕ್ಕವನ್ನೂ ಕೊಟ್ಟಿದ್ದಾಳೆ. ಆಕೆ ಆಮೇಲೆ 1840ರವರೆಗೆ ಬದುಕಿದಳು ಎಂಬುದರಿಂದ ಶಸ್ತ್ರವೈದ್ಯನ ಕೈಗುಣವನ್ನು ಮೆಚ್ಚಲೇಬೇಕು.

ಆ ಪತ್ರದಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಒಂದು ಸಣ್ಣ ಸಂಗತಿ ಇದೆ. ಕೋಣೆಯಲ್ಲಿ ಬರ್ನಿಯ ಸೇವಕಿಯೂ ಇಬ್ಬರು ದಾದಿಯರೂ ಇದ್ದರು. ಹೆಂಗಸರೆಲ್ಲ ಹೊರಗೆ ಹೋಗಲಿ ಎಂದು ವೈದ್ಯರಲ್ಲೊಬ್ಬ ಆಜ್ಞೆ ಮಾಡಿದ. ಅವರು ಇರಲಿ ಎಂದು ಬರ್ನಿ ಕೂಗಿದಳು. ವಾದ ನಡೆಯುತ್ತಿರುವಾಗಲೇ ಸೇವಕಿಯೂ ಒಬ್ಬ ದಾದಿಯೂ ಓಡಿಹೋದರು. ಇನ್ನೊಬ್ಬಳನ್ನು ಬರ್ನಿ ಹತ್ತಿರಕ್ಕೆ ಕರೆದಳು. ಅವಳು ಬಂದು ನಿಂತಳು. ಅವಳ ಹೆಸರನ್ನು ಪತ್ರ ಹೇಳುವುದಿಲ್ಲ. ಸ್ತನ ಕ್ಯಾನ್ಸರಿನ ಚರಿತ್ರೆಯನ್ನು ಶಸ್ತ್ರವೈದ್ಯರ ಹೆಸರುಗಳಿಂದ ಹೇಳುವುದು ರೂಢಿ. ಓಡಿಹೋಗದೆ ನಿಂತವಳ ಕಡೆಯಿಂದ ಅದನ್ನು ಹೇಳಿದರೆ ಹೇಗಿರುತ್ತದೆ ಎಂಬ ಕುತೂಹಲವೇ ಈ ಬರಹಕ್ಕೆ ಕಾರಣ.

ರೋಗವೇನೋ ಬಹಳ ಹಳೆಯದು. ಕಾರ್ಡೋಬಾದ ಮಹಾ ಶಸ್ತ್ರವೈದ್ಯ ಅಲ್ ಝಹ್ರಾವಿ ಸುಮಾರು ಕ್ರಿ.ಶ. 1000ದ ಹೊತ್ತಿಗೆ ತನ್ನ 30 ಭಾಗಗಳ ವೈದ್ಯಗ್ರಂಥ 'ಅಲ್ ತಸ್ರೀಫ್' ಮುಗಿಸಿದಾಗ ಅದರಲ್ಲಿ ಸ್ತನದ ಕ್ಯಾನ್ಸರಿನ ಮಾತೂ ಇತ್ತು. ಗಡ್ಡೆ ಚಿಕ್ಕದಿದ್ದಾಗ, ಪೂರ್ತಿ ತೆಗೆಯಲು ಬರುವಂತಿದ್ದಾಗ ತೆಗೆಯಬಹುದು. ಹಳೆಯದಾಗಿ ದೊಡ್ಡದಾಗಿದ್ದರೆ ಮುಟ್ಟಬೇಡಿ, ಅಂಥದ್ದನ್ನು ನಾನೂ ವಾಸಿಮಾಡಿಲ್ಲ, ವಾಸಿಮಾಡಿದವರನ್ನು ಕಂಡೂ ಇಲ್ಲ ಎನ್ನುವುದು ಅವನ ಮಾತಿನ ಸಾರ. ತನ್ನ ಸೋಲನ್ನು ಹೀಗೆ ಬರೆದಿಡುವ ಪ್ರಾಮಾಣಿಕತೆ ಎಲ್ಲ ಕಾಲದಲ್ಲೂ ಅಪರೂಪವೇ. ಆದರೆ ಅವನ ಪುಸ್ತಕದಲ್ಲೂ ರೋಗಿಯ ದನಿಯಿಲ್ಲ. ಗಡ್ಡೆ ಎಷ್ಟು ದೊಡ್ಡದು, ಯಾವ ಸಲಕರಣೆ ಬೇಕು, ರಕ್ತವನ್ನು ಹೇಗೆ ನಿಲ್ಲಿಸಬೇಕು ಎನ್ನುವಲ್ಲಿಗೆ ಶಾಸ್ತ್ರ ನಿಲ್ಲುತ್ತದೆ.

ಅರಿವಳಿಕೆ ಬಂದ ಮೇಲೆ ಕತ್ತಿಗೆ ಧೈರ್ಯ ಬಂತು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ರೋಗಿಗಳ ವರದಿ ಪ್ರಕಟಿಸಿದ. ಅವನ ವಿಧಾನದಲ್ಲಿ ಸ್ತನ ಮಾತ್ರವಲ್ಲ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವೂ ಹೋಗುತ್ತಿದ್ದವು. ಕೊಯ್ದ ಜಾಗದಲ್ಲೇ ಗಡ್ಡೆ ಮರಳಿ ಬಂದದ್ದು ಕೇವಲ ಮೂವರಿಗೆ, ಅಂದರೆ ನೂರಕ್ಕೆ 6. ಅಂದಿನ ದಿನಕ್ಕೆ ಇದು ದೊಡ್ಡ ಸಾಧನೆ. ಮುಂದಿನ 70-80 ವರ್ಷ ಜಗತ್ತಿನ ಲಕ್ಷಾಂತರ ಹೆಂಗಸರು ಇದೇ ಶಸ್ತ್ರಕ್ರಿಯೆಗೆ ಒಳಗಾದರು. ಎದೆ ಗುಳಿಬಿದ್ದು ಚರ್ಮ ಪಕ್ಕೆಲುಬಿಗೆ ಅಂಟುತ್ತಿತ್ತು. ಗ್ರಂಥಿಗಳಿಲ್ಲದ ಕಡೆ ನೀರು ನಿಂತು ತೋಳು ಬಾತುಕೊಳ್ಳುತ್ತಿತ್ತು. ಕೊನೆಗಾಲದಲ್ಲಿ, 1921ರಲ್ಲಿ, ಹಾಲ್‌ಸ್ಟೆಡ್ ಈ ಬಾವಿನ ಬಗ್ಗೆಯೂ ಬರೆದ. ಅದನ್ನು ಆನೆಕಾಲು ರೋಗಕ್ಕೆ ಹೋಲಿಸಿ ಒಂದು ಹೆಸರನ್ನೂ ಕೊಟ್ಟ. ಆದರೆ ಆ ತೋಳಿನಿಂದ ಆಕೆ ತಲೆ ಬಾಚಿಕೊಳ್ಳುತ್ತಾಳೆಯೇ, ಮಗುವನ್ನು ಎತ್ತಿಕೊಳ್ಳುತ್ತಾಳೆಯೇ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಾಳೆ ಎಂಬುದಕ್ಕೆ ಕೋಷ್ಟಕದಲ್ಲಿ ಜಾಗವಿರಲಿಲ್ಲ. ಗಡ್ಡೆ ಮರಳಿತೇ ಇಲ್ಲವೇ, ರೋಗಿ ಎಷ್ಟು ವರ್ಷ ಬದುಕಿದಳು, ಎಣಿಸಿದ್ದು ಇವೆರಡನ್ನೇ.

ಎಣಿಸಲು ಬೇರೆಯೂ ಇದೆ ಎಂದು ಹೇಳಿದವರು ಇರಲಿಲ್ಲವೆಂದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮ್ಮ ಶಾಲಾ ಪಾಠಗಳಲ್ಲಿ ಕೈಯಲ್ಲಿ ದೀಪ ಹಿಡಿದ ದೇವತೆ. ಆ ದೀಪದ ಬೆಳಕಿನಲ್ಲಿ ಆಕೆಯ ಬುದ್ಧಿ ಯಾರಿಗೂ ಕಾಣದೇಹೋಯಿತು. ಆಕೆ ಅಂಕಿಸಂಖ್ಯೆಗಳ ಪಂಡಿತೆ. ಶುಶ್ರೂಷೆಯ ಬಗ್ಗೆ ಆಕೆ ಬರೆದ, 1859-60ರಲ್ಲಿ ಹೊರಬಂದ ಪುಸ್ತಕದಲ್ಲಿ ರೋಗಿಯನ್ನು ಹೇಗೆ ಪ್ರಶ್ನಿಸಬೇಕು ಎಂಬುದಕ್ಕೇ ಒಂದು ಭಾಗವಿದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳುವುದು ನಿಷ್ಪ್ರಯೋಜಕ ಎನ್ನುತ್ತಾಳೆ ಆಕೆ. ಒಬ್ಬನಿಗೆ ಚೆನ್ನಾದ ನಿದ್ದೆ ಇನ್ನೊಬ್ಬನಿಗೆ ಅರೆನಿದ್ದೆ. ಎಷ್ಟು ಗಂಟೆ ನಿದ್ದೆ ಬಂತು, ರಾತ್ರಿಯ ಯಾವ ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು. ಉತ್ತರವನ್ನು ಒಳಗಿಟ್ಟುಕೊಂಡೇ ಬರುವ ಪ್ರಶ್ನೆಗೆ ರೋಗಿ ಹೌದೆಂದು ತಲೆಯಾಡಿಸುತ್ತಾನೆ, ಅಷ್ಟೆ. ಇದು ಸಣ್ಣ ಮಾತಿನಂತೆ ಕಾಣುತ್ತದೆ. ಆದರೆ ಮುಂದೆ ನೂರಿಪ್ಪತ್ತು ವರ್ಷಗಳ ನಂತರ ದಾದಿಯರು ಕಟ್ಟಿದ ಒಂದು ವಿಜ್ಞಾನದ ಬೀಜ ಇದರಲ್ಲೇ ಇತ್ತು.

ಅಷ್ಟು ತಡವೇಕಾಯಿತು? ಒಂದು ಕಾರಣ, ದಾದಿಯರು ಸಂಶೋಧನೆ ಮಾಡುವವರೆಂದು ಯಾರೂ ಭಾವಿಸಿರಲಿಲ್ಲ. ವೈದ್ಯ ಹೇಳಿದ್ದನ್ನು ಮಾಡುವುದು, ಹೇಳದಿದ್ದರೆ ಸುಮ್ಮನಿರುವುದು, ಇದೇ ಅವರಿಗೆ ಕಲಿಸಿದ ಪಾಠ. ದಾದಿಯರ ಸಂಶೋಧನೆಗೆಂದೇ ಅಮೆರಿಕದಲ್ಲಿ ಒಂದು ಪತ್ರಿಕೆ ಹುಟ್ಟಿದ್ದು 1952ರಲ್ಲಿ. ಅದೇ 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬ ಮಹಿಳೆ ಸ್ತನದ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಮುಂದೆ ಹೇಗೆ ಬದುಕಬೇಕೆಂದು ಹೇಳುವವರು ಒಬ್ಬರೂ ಇಲ್ಲವೆಂದು ಕಂಡು, ತಾನೇ ಇತರ ರೋಗಿಗಳ ಹಾಸಿಗೆಯ ಬಳಿ ಹೋಗತೊಡಗಿದಳು. ತೋಳಿಗೆ ಯಾವ ವ್ಯಾಯಾಮ, ಒಳಉಡುಪಿನೊಳಗೆ ಏನು ತುಂಬಬೇಕು ಎಂದು ಹೇಳಿಕೊಡುತ್ತಿದ್ದಳು. ಅಂದರೆ ಆಸ್ಪತ್ರೆ ಕೊಡದ ಮಾಹಿತಿಯನ್ನು ಹೆಂಗಸರು ಹಂಚಿಕೊಳ್ಳುವುದು ಆಗಲೇ ಶುರುವಾಗಿತ್ತು.

ಈ ಮೌನವನ್ನು ಮೊದಲು ಸಂಶೋಧನೆಯ ವಿಷಯವಾಗಿ ಎತ್ತಿಕೊಂಡವರಲ್ಲಿ ಜೀನ್ ಕ್ವಿಂಟ್ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಅವರು ಅಮೆರಿಕದ ಸೇನಾ ದಾದಿಯಾಗಿದ್ದರು. ಸ್ತನ ತೆಗೆಸಿಕೊಂಡ ಹೆಂಗಸರನ್ನು ಮತ್ತೆ ಮತ್ತೆ ಭೇಟಿಯಾಗಿ, ಅವರ ಮಾತು ಕೇಳಿ, 1963ರಲ್ಲಿ ದಾದಿಯರ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಆ ಹೆಂಗಸರನ್ನು ಗಾಯಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದದ್ದು ಮುಂದೇನು ಎಂಬ ಅನಿಶ್ಚಿತತೆ, ಅದನ್ನು ಆಡಿಕೊಳ್ಳಲು ಜನವಿಲ್ಲದ ಒಂಟಿತನ. ಮನೆಯವರು ಮಾತು ತಪ್ಪಿಸುತ್ತಿದ್ದರು. ಆಸ್ಪತ್ರೆಯವರೂ ತಪ್ಪಿಸುತ್ತಿದ್ದರು. ದಿಂಬು ಸರಿಮಾಡುವುದು, ಜ್ವರ ನೋಡುವುದು, ಹವಾಮಾನದ ಮಾತಾಡುವುದು, ಇವೆಲ್ಲ ಮಾತನ್ನು ತಪ್ಪಿಸುವ ಉಪಾಯಗಳೂ ಆಗಬಲ್ಲವು. ಕೇಳುತ್ತ ಕೂತ ಸಂಶೋಧಕ ದಾದಿಯರಿಗೂ ಆ ಕೆಲಸ ಭಾರವಾಯಿತು. ಓಡಿಹೋಗುವುದೆಂದರೆ ಯಾವಾಗಲೂ ಕಾಲಿನಿಂದಲೇ ಓಡಬೇಕೆಂದಿಲ್ಲವಷ್ಟೆ. ಕ್ವಿಂಟ್ ಮುಂದೆ ಸಾಯುತ್ತಿರುವ ರೋಗಿಗಳ ಆರೈಕೆಯ ಬಗ್ಗೆ ದೊಡ್ಡ ಕೆಲಸ ಮಾಡಿದರು. ಮದುವೆಯ ನಂತರದ ಹೆಸರು ಬೆನೋಲಿಯಲ್. 2012ರಲ್ಲಿ ತೀರಿಕೊಂಡರು.

1970ರ ದಶಕದಲ್ಲಿ ಗಾಳಿ ಬದಲಾಯಿತು. ಆವರೆಗೆ ಅಮೆರಿಕದಲ್ಲಿ ಗಂಟು ಕಂಡ ಹೆಂಗಸಿಗೆ ಅರಿವಳಿಕೆ ಕೊಟ್ಟು, ಅವಳು ಮಲಗಿದ್ದಾಗಲೇ ಚೂರು ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಎಂದಾದರೆ ಎಬ್ಬಿಸದೆಯೇ ಸ್ತನ ತೆಗೆಯುವುದು ಪದ್ಧತಿ. ಸ್ತನ ಇದೆಯೋ ಇಲ್ಲವೋ ಎಂಬುದು ಎಚ್ಚರವಾದ ಮೇಲೆ ಮುಟ್ಟಿ ನೋಡಿಕೊಂಡಾಗಲೇ ಗೊತ್ತಾಗುತ್ತಿತ್ತು. 1974ರಲ್ಲಿ ಪತ್ರಕರ್ತೆ ರೋಸ್ ಕುಷ್ನರ್ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ನಂತರ ನನ್ನ ತೀರ್ಮಾನ ಎಂದು ಹಟ ಹಿಡಿದಳು, ಪುಸ್ತಕ ಬರೆದಳು. ಅದೇ ವರ್ಷ ಅಧ್ಯಕ್ಷ ಫೋರ್ಡ್ ಅವರ ಪತ್ನಿ ಬೆಟ್ಟಿ ಫೋರ್ಡ್ ತಮ್ಮ ರೋಗವನ್ನು ಬಹಿರಂಗವಾಗಿ ಹೇಳಿಕೊಂಡಾಗ, ಪಿಸುಮಾತಿನಲ್ಲಿದ್ದ ಶಬ್ದ ದಿನಪತ್ರಿಕೆಗಳ ಮುಖಪುಟಕ್ಕೆ ಬಂತು. 1979ರಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಪರೀಕ್ಷೆ ಬೇರೆ, ಶಸ್ತ್ರಕ್ರಿಯೆ ಬೇರೆ ಎಂಬುದನ್ನು ಒಪ್ಪಿತು. ಹಾಲ್‌ಸ್ಟೆಡ್ ವಿಧಾನವನ್ನೂ ಬದಿಗಿಟ್ಟಿತು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುಳಿಯುವ ಪ್ರಮಾಣ ಅಷ್ಟೇ ಎಂದು ಬರ್ನಾರ್ಡ್ ಫಿಶರ್ ಅವರ ತಂಡ 1985ರಲ್ಲಿ ತೋರಿಸಿತು.

ಕತ್ತಿ ಚಿಕ್ಕದಾಯಿತು, ಆದರೆ ಕಷ್ಟ ಕಡಿಮೆಯಾಗಲಿಲ್ಲ, ಬೇರೆ ರೂಪ ತಾಳಿತು. ಶಸ್ತ್ರಕ್ರಿಯೆಯ ನಂತರ 3 ಔಷಧಗಳನ್ನು ತಿಂಗಳುಗಟ್ಟಲೆ ಕೊಟ್ಟರೆ ರೋಗ ಮರಳುವುದು ಕಡಿಮೆಯಾಗುತ್ತದೆಂದು ಇಟಲಿಯ ಮಿಲಾನ್ ನಗರದ ಬೊನಾಡೊನ್ನಾ 1976ರಲ್ಲಿ ಪ್ರಕಟಿಸಿದ್ದರು. ಕೀಮೋಥೆರಪಿಯ ಯುಗ ಶುರುವಾದದ್ದು ಹೀಗೆ. ಇದರಲ್ಲೊಂದು ವಿಚಿತ್ರವಿದೆ. ಸಾಮಾನ್ಯವಾಗಿ ನಾವು ನೋವು ತಾಳಲಾರದೆ ಔಷಧಕ್ಕೆ ಹೋಗುತ್ತೇವೆ, ಔಷಧದಿಂದ ನೋವು ಇಳಿಯುತ್ತದೆ. ಇಲ್ಲಿ ಹಾಗಲ್ಲ. ಗಡ್ಡೆ ಹೋಗಿದೆ, ಗಾಯ ಮಾಗಿದೆ, ನೋಡಲು ಆಕೆ ಆರೋಗ್ಯವಂತೆ. ಔಷಧ ಶುರುವಾದ ಮೇಲೆಯೇ ವಾಂತಿ, ಬಾಯಿಹುಣ್ಣು, ಕೂದಲುದುರುವುದು, ಹಾಸಿಗೆಯಿಂದ ಏಳಲಾಗದ ಆಯಾಸ. ಚಿಕಿತ್ಸೆಯೇ ಆಕೆಯನ್ನು ರೋಗಿಯಾಗಿಸುತ್ತದೆ. ವೈದ್ಯರ ದೃಷ್ಟಿಯಲ್ಲಿ ಇವು 'ಅಡ್ಡಪರಿಣಾಮ', ಮುಖ್ಯ ಕತೆಯ ಅಂಚಿನಲ್ಲಿರುವ ಟಿಪ್ಪಣಿ. ಆಕೆಗಾದರೋ ಅದೇ ದಿನ, ಅದೇ ರಾತ್ರಿ. ವಾಂತಿ ತಡೆಯುವ ಒಳ್ಳೆಯ ಮದ್ದು ಅಮೆರಿಕದ ಆಸ್ಪತ್ರೆಗಳಿಗೆ ಬಂದದ್ದು 1991ರಲ್ಲಿ. ಅದುವರೆಗೆ ಎಷ್ಟೋ ಹೆಂಗಸರು ಆಸ್ಪತ್ರೆಯ ಬಾಗಿಲು ಕಂಡರೇ ವಾಕರಿಸುತ್ತಿದ್ದರು.

ಇಲ್ಲಿಗೆ ರೂತ್ ಮೆಕ್ಕಾರ್ಕಲ್ ಬರುತ್ತಾರೆ. ಇವರೂ ಯುದ್ಧ ಕಂಡ ದಾದಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯಲ್ಲಿದ್ದವರು. 1978ರಲ್ಲಿ ಸಹೋದ್ಯೋಗಿ ಯಂಗ್ ಜೊತೆ, ಆಗತಾನೇ ಶುರುವಾಗಿದ್ದ ಕ್ಯಾನ್ಸರ್ ಶುಶ್ರೂಷೆಯ ಪತ್ರಿಕೆಯಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿದ್ದದ್ದು 10 ವಿಷಯ: ವಾಕರಿಕೆ, ಮನಸ್ಸಿನ ಸ್ಥಿತಿ, ಹಸಿವು, ನಿದ್ದೆ, ನೋವು, ಓಡಾಟ, ಆಯಾಸ, ಮಲವಿಸರ್ಜನೆ, ಗಮನ ನಿಲ್ಲಿಸುವ ಶಕ್ತಿ, ತನ್ನ ರೂಪ. ಪ್ರತಿಯೊಂದಕ್ಕೂ ಏನೂ ತೊಂದರೆಯಿಲ್ಲ ಎಂಬಲ್ಲಿಂದ ತಡೆಯಲಾರೆ ಎಂಬಲ್ಲಿಯವರೆಗೆ 1ರಿಂದ 5 ಅಂಕ. ಅಂಕ ಕೊಡುವವಳು ರೋಗಿ. ವೈದ್ಯನಲ್ಲ, ದಾದಿಯೂ ಅಲ್ಲ. ಒಟ್ಟು ಕೂಡಿಸಿದರೆ 10ರಿಂದ 50ರ ನಡುವೆ ಒಂದು ಸಂಖ್ಯೆ. ಮುಂದೆ ಕೆಮ್ಮು, ಉಸಿರಾಟ ಮುಂತಾದವು ಸೇರಿ ವಿಷಯಗಳು 13 ಆದವು.

ಇಷ್ಟೇನಾ ಎಂದು ಓದುಗರು ಕೇಳಬಹುದು. ಇಷ್ಟೇ. ಆದರೆ ಇದರ ಹಿಂದಿನ ವಿಚಾರವನ್ನು ಗಮನಿಸಬೇಕು. ರೋಗಲಕ್ಷಣ ಬೇರೆ, ಅದರಿಂದಾಗುವ ಯಾತನೆ ಬೇರೆ. ದಿನಕ್ಕೆ ಮೂರು ಸಲ ವಾಂತಿಯಾದರೂ ಒಬ್ಬಳು ಸಹಿಸುತ್ತಾಳೆ. ಒಂದೇ ಸಲವಾದರೂ ಮಗಳಿಗೆ ಅನ್ನ ಬಡಿಸುವಾಗಲೇ ಆದದ್ದಕ್ಕೆ ಇನ್ನೊಬ್ಬಳು ಕುಗ್ಗಿಹೋಗುತ್ತಾಳೆ. ಎಷ್ಟು ಸಲ ಎಂಬುದನ್ನು ಹೊರಗಿನವರು ಎಣಿಸಬಹುದು. ಎಷ್ಟು ತ್ರಾಸ ಎಂಬುದನ್ನು ಅನುಭವಿಸುವವಳೇ ಹೇಳಬೇಕು. ಮೆಕ್ಕಾರ್ಕಲ್ ಅಳೆಯಲು ಹೊರಟದ್ದು ಈ ಎರಡನೆಯದನ್ನು.

ನಮ್ಮ ಕಡೆ, ಅಂದರೆ ಹಾವೇರಿ ಧಾರವಾಡದ ಕಡೆ, 'ತ್ರಾಸ' ಎಂಬುದು ದಿನಬಳಕೆಯ ಮಾತು. ಮೂಲ ಸಂಸ್ಕೃತದಲ್ಲಿ ಅದರ ಅರ್ಥ ಭಯ. ಮನೆಯ ಮಾತಿನಲ್ಲಿ ನಾವು 'ತಕ್ಲೀಫ್' ಎನ್ನುತ್ತೇವೆ. ಅರಬ್ಬಿ ಮೂಲದಲ್ಲಿ ಅದರ ಅರ್ಥ ಹೊರೆ ಹೊರಿಸುವುದು. ಸಂಶೋಧಕರು ಈಚೆಗೆ ರೋಗಲಕ್ಷಣಗಳ 'ಹೊರೆ' ಎಂದೇ ಬರೆಯುತ್ತಾರೆ. ಭಯವೂ ಹೊರೆಯೂ ಕೂಡಿದ್ದನ್ನು ಅಳೆಯುವ ಕಷ್ಟ ಏನೆಂಬುದು ಈ ಎರಡು ಭಾಷೆಗಳ ನಡುವೆ ಬೆಳೆದವರಿಗೆ ಬೇಗ ತಿಳಿದೀತು.

ಕೆಲವು ವರ್ಷಗಳ ಕೆಳಗೆ ನನ್ನ ಖಾಲಾಗೆ ಇದೇ ಕಾಯಿಲೆಯಾಗಿ, ನಾನು ಅವರ ಜೊತೆ ಒಂದು ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಕೆಲವು ರಾತ್ರಿ ಕಳೆದೆ. ಡಾಕ್ಟರ್ ಸಾಹೇಬರು ಬೆಳಿಗ್ಗೆ ಹುಡುಗರ ಹಿಂಡಿನೊಂದಿಗೆ ಬರುತ್ತಿದ್ದರು. "ಕ್ಯಾ ತಕ್ಲೀಫ್ ಹೈ ಅಮ್ಮಾ?" ಖಾಲಾ ಸೆರಗು ಸರಿಮಾಡಿಕೊಂಡು, "ಕುಚ್ ನೈ ಸಾಬ್, ಅಲ್ಲಾ ಕಾ ಶುಕರ್" ಎನ್ನುತ್ತಿದ್ದರು. ಅವರು ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಖಾಲಾ ಸುಳ್ಳು ಹೇಳುತ್ತಿರಲಿಲ್ಲ. ಕೇಳಿದ ದೊಡ್ಡವರಿಗೆ ಕಷ್ಟ ಹೇಳಿ ಮುಜುಗರ ಮಾಡಬಾರದು ಎಂಬುದು ಅವರು ಕಲಿತ ಅದಬ್. ಕನ್ನಡದ ಅಜ್ಜಿಯರು "ಏನಿಲ್ಲರೀ, ಆರಾಮ ಅದೀನಿ" ಎನ್ನುವುದೂ ಇದೇ. ರಾತ್ರಿ ಪಾಳಿಯ ನರ್ಸ್ ಕೇರಳದ ಹುಡುಗಿ, ಅವಳ ಕನ್ನಡ ಅಷ್ಟಕ್ಕಷ್ಟೆ. ಅವಳು ತಕ್ಲೀಫ್ ಏನೆಂದು ಕೇಳಲೇ ಇಲ್ಲ. "ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಯ್ತು ಅಮ್ಮಾ?" ಎಂದಳು. ಎರಡಕ್ಕೆ ಎಂದರು ಖಾಲಾ. ಯಾಕೆ ಎಚ್ಚರವಾಯಿತು ಎಂದಳು. ಆಮೇಲೆ ಒಂದೊಂದೇ ಮಾತು ಹೊರಬಂತು. ನೈಟಿಂಗೇಲ್ ಬರೆದದ್ದನ್ನು ಆ ಹುಡುಗಿ ಓದಿದ್ದಳೋ ಇಲ್ಲವೋ, ಕೇಳುವ ಬಗೆ ಮಾತ್ರ ಅದೇ.

ಅಳತೆಗೋಲು ಬಂದ ಮೇಲೆ ಏನಾಯಿತು? ದಾದಿಯರ ಅನುಭವಕ್ಕೆ ಮೊದಲಬಾರಿಗೆ ಆಧಾರ ಸಿಕ್ಕಿತು. "ಆ ಹಾಸಿಗೆಯಾಕೆಗೆ ಹೆಚ್ಚು ಕಷ್ಟವಾಗುತ್ತಿದೆ" ಎಂದರೆ ಕಿವಿಗೊಡದ ವೈದ್ಯ, ಹೋದ ವಾರ 18 ಇದ್ದದ್ದು ಈ ವಾರ 31 ಆಗಿದೆ ಎಂದರೆ ತಲೆ ಎತ್ತಿ ನೋಡುತ್ತಾನೆ. ಹೆಂಗಸಿನ ಮಾತು ಮಾತಾಗಿದ್ದಾಗ ಗೊಣಗಾಟ, ಅಂಕಿಯಾದಾಗ ಸಾಕ್ಷ್ಯ. ಇದರಲ್ಲಿ ಗೆಲುವೂ ಇದೆ, ನಾಚಿಕೆಗೇಡೂ ಇದೆ ಎಂದು ನನಗನಿಸುತ್ತದೆ. ಕತೆ ಬರೆಯುವವರಿಗೆ ಅಂಕಿಗಳ ಮೇಲೆ ಸಹಜವಾಗಿಯೇ ಗುಮಾನಿ. ಆದರೂ ಆ ವಾರ್ಡುಗಳಲ್ಲಿ ಒಂದು ರಾತ್ರಿ ಕಳೆದವರು ಅಂಕಿ ಬೇಡವೆನ್ನಲಾರರು.

ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಲ್ಲಿ ಈ ಯಾತನೆಯ ಅಂಕ ಬದುಕುಳಿಯುವಿಕೆಯನ್ನು ಮುಂಗಾಣಿಸುತ್ತದೆ ಎಂದು 1986ರಲ್ಲಿ ಮೆಕ್ಕಾರ್ಕಲ್ ಮತ್ತು ಸಂಗಡಿಗರು ತೋರಿಸಿದರು. ಸ್ತನ ಕ್ಯಾನ್ಸರಿನಲ್ಲಾದರೋ ದಾದಿಯರ ದೊಡ್ಡ ಕೊಡುಗೆ ಆಯಾಸದ ಬಗ್ಗೆ. ಆ ಕಾಲದಲ್ಲಿ ದಣಿದ ರೋಗಿಗೆ ಕೊಡುತ್ತಿದ್ದ ಸಲಹೆ ಒಂದೇ, ವಿಶ್ರಾಂತಿ ತೆಗೆದುಕೊಳ್ಳಿ. ಒಹಾಯೊ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮೇರಿ ಮ್ಯಾಕ್‌ವಿಕರ್ ಮತ್ತು ಮೇರಿಲ್ ವಿನ್ನಿಂಗ್‌ಹ್ಯಾಮ್ ಕೀಮೋ ಪಡೆಯುತ್ತಿದ್ದ ಹೆಂಗಸರನ್ನು ಕೂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ವಾರಕ್ಕೆ 3 ಸಲದಂತೆ 10 ವಾರ ಕೂರಿಸಿದರು. 1988-89ರಲ್ಲಿ ಬಂದ ಅವರ ವರದಿಗಳು ಹೇಳಿದ್ದು, ಸೈಕಲ್ ತುಳಿದವರ ದೇಹದ ಶಕ್ತಿ ಹೆಚ್ಚಿತು, ವಾಕರಿಕೆಯೂ ತಗ್ಗಿತು. ಜಾನ್ಸ್ ಹಾಪ್ಕಿನ್ಸ್‌ನ ವಿಕ್ಟೋರಿಯಾ ಮಾಕ್ ಇನ್ನೂ ಸರಳವಾದದ್ದನ್ನು ಪರೀಕ್ಷಿಸಿದರು. ನಮ್ಮ ಹಳ್ಳಿಗರು 'ಕರೆಂಟು ಕೊಡೋದು' ಎನ್ನುವ ವಿಕಿರಣ ಚಿಕಿತ್ಸೆ ನಡೆಯುತ್ತಿದ್ದ 46 ಮಂದಿ ಹೆಂಗಸರಲ್ಲಿ ಒಂದು ಗುಂಪಿಗೆ ಹೇಳಿದ್ದು ಇಷ್ಟೇ, ದಿನಕ್ಕೆ 20-30 ನಿಮಿಷ, ವಾರದಲ್ಲಿ 4-5 ದಿನ ನಿಮ್ಮ ಶಕ್ತ್ಯಾನುಸಾರ ನಡೆಯಿರಿ. 1997ರಲ್ಲಿ ಫಲಿತಾಂಶ ಬಂತು. ನಡೆದವರಿಗೆ ಆಯಾಸ ಕಡಿಮೆ, ಆತಂಕ ಕಡಿಮೆ, ನಿದ್ದೆಯ ತೊಂದರೆಯೂ ಕಡಿಮೆ. ಹಾಲ್‌ಸ್ಟೆಡ್‌ನ ಕತ್ತಿ ಆಳಿದ ಅದೇ ಸಂಸ್ಥೆಯಲ್ಲಿ ನೂರು ವರ್ಷಗಳ ನಂತರ ಚಪ್ಪಲಿ ಮೆಟ್ಟಿ ನಡೆಯುವುದೂ ಚಿಕಿತ್ಸೆಯಾಯಿತು. ಅದಕ್ಕೆ ಪೇಟೆಂಟೂ ಇಲ್ಲ, ಬಿಲ್ಲೂ ಇಲ್ಲ.

ಕ್ಯಾಲಿಫೋರ್ನಿಯಾದ ಮೆರಿಲಿನ್ ಡಾಡ್ ಇನ್ನೊಂದನ್ನು ಗಮನಿಸಿದರು. ನೋವು, ಆಯಾಸ, ನಿದ್ದೆಗೇಡು ಒಂಟಿಯಾಗಿ ಬರುವುದಿಲ್ಲ, ಗುಂಪುಕಟ್ಟಿ ಬರುತ್ತವೆ. 2001ರ ಅವರ ಲೇಖನದ ನಂತರ 'ಲಕ್ಷಣಗಳ ಗುಂಪು' ಎಂಬುದೇ ಒಂದು ಅಧ್ಯಯನ ವಿಷಯವಾಯಿತು. ಮನೆಯಲ್ಲಿ ರೋಗಿಯನ್ನು ನೋಡಿಕೊಂಡ ಯಾವ ಹೆಣ್ಣುಮಗಳಿಗೂ ಇದು ಹೊಸದಲ್ಲ. ಆದರೆ ನೋವಿಗೊಂದು ಮಾತ್ರೆ, ನಿದ್ದೆಗೊಂದು ಮಾತ್ರೆ ಎಂದು ಬೇರೆ ಬೇರೆ ಚೀಟಿ ಬರೆಯುತ್ತಿದ್ದವರಿಗೆ ಹೊಸದು.

ಮೆಕ್ಕಾರ್ಕಲ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಮಾತ್ರ ನನ್ನನ್ನು ಬಹುಕಾಲ ಕಾಡಿತು. ಅದು ಸ್ತನ ಕ್ಯಾನ್ಸರಿಗೆ ಸೀಮಿತವಲ್ಲ. ಶಸ್ತ್ರಕ್ರಿಯೆಯಾದ 60 ದಾಟಿದ 375 ಮಂದಿ ಕ್ಯಾನ್ಸರ್ ರೋಗಿಗಳು. ಅರ್ಧದಷ್ಟು ಜನರಿಗೆ ಎಂದಿನ ಆರೈಕೆ. ಉಳಿದವರ ಮನೆಗೆ 4 ವಾರಗಳಲ್ಲಿ ತರಬೇತಾದ ದಾದಿ 3 ಸಲ ಹೋಗಿಬಂದಳು, 5 ಸಲ ಫೋನು ಮಾಡಿದಳು. ಗಾಯ, ನೋವು, ಊಟ, ನಿದ್ದೆ ವಿಚಾರಿಸಿದಳು, ಮನೆಯವರಿಗೆ ಆರೈಕೆ ಕಲಿಸಿದಳು. ರೋಗ ಮುಂದುವರಿದಿದ್ದವರಲ್ಲಿ 2 ವರ್ಷದ ನಂತರ ಬದುಕಿದ್ದವರು, ದಾದಿ ಹೋದ ಮನೆಗಳಲ್ಲಿ ನೂರಕ್ಕೆ 67, ಹೋಗದ ಮನೆಗಳಲ್ಲಿ ನೂರಕ್ಕೆ 40. ಒಂದೇ ಅಧ್ಯಯನದಿಂದ ಎಲ್ಲವನ್ನೂ ನಂಬಬಾರದು ನಿಜ. ಆದರೆ 2017ರಲ್ಲಿ ಈಥನ್ ಬ್ಯಾಶ್ ಎಂಬ ವೈದ್ಯರ ತಂಡ ಅದೇ ದಿಕ್ಕಿನ ಇನ್ನೊಂದು ಫಲಿತಾಂಶ ತಂದಿತು. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ, ಸ್ತನ ಕ್ಯಾನ್ಸರಿನವರೂ ಸೇರಿ, ರೋಗ ಹರಡಿದ್ದ 766 ಮಂದಿ. ಅವರಲ್ಲಿ ಒಂದು ಗುಂಪು ತಮ್ಮ 12 ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿತ್ತು. ಯಾವುದಾದರೂ ಉಲ್ಬಣಿಸಿದರೆ ದಾದಿಗೆ ಸಂದೇಶ ಹೋಗುತ್ತಿತ್ತು. ಈ ಗುಂಪಿನ ನಡುಮಟ್ಟದ ಆಯುಸ್ಸು 31.2 ತಿಂಗಳು, ಉಳಿದವರದು 26. ಹೊಸ ಔಷಧವೊಂದು 5 ತಿಂಗಳು ಕೊಟ್ಟಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತೋ! ಸುದ್ದಿ ಲೋಕವೆಲ್ಲ ಹರಡಿತು, ಕಂಪ್ಯೂಟರನ್ನು ಹೊಗಳಿದರು. 1978ರ ಆ 10 ಪ್ರಶ್ನೆಗಳ ನೆನಪು ಎಷ್ಟು ಮಂದಿಗೆ ಬಂತೋ ಕಾಣೆ.

ದೋಷಗಳೂ ಇವೆ. ಆರಂಭದ ಅಧ್ಯಯನಗಳಲ್ಲಿ ಸಿಕ್ಕವರು ಹೆಚ್ಚಾಗಿ ಓದುಬರಹ ಬಲ್ಲ, ಬಿಳಿಯ, ಅನುಕೂಲಸ್ಥ ಹೆಂಗಸರು. ತನ್ನ ಕಷ್ಟಕ್ಕೆ 5ರಲ್ಲಿ ಅಂಕ ಕೊಡುವುದು ಪರೀಕ್ಷೆ ಬರೆದು ಬೆಳೆದವರಿಗೆ ಸುಲಭ. ಸಹಿಸುವುದೇ ಹೆಣ್ಣಿನ ಗುಣವೆಂದು ಕಲಿತವಳು ಎಲ್ಲದಕ್ಕೂ 1 ಎಂದುಬಿಟ್ಟರೆ ಅಳತೆಗೋಲು ಏನು ಮಾಡೀತು? ಹಾಗೆಂದೇ ಕೇಳುವವಳು ಯಾರು, ಹೇಗೆ ಕೇಳುತ್ತಾಳೆ ಎಂಬುದು ಗೋಲಿನಷ್ಟೇ ಮುಖ್ಯ. ಭಾರತದಲ್ಲಿ ಇಂದು ಹೆಂಗಸರಿಗೆ ಅತಿ ಹೆಚ್ಚಾಗಿ ಬರುವ ಕ್ಯಾನ್ಸರ್ ಇದೇ. ಇಡೀ ವಾರ್ಡಿಗೊಬ್ಬಳೇ ನರ್ಸ್ ಇರುವಲ್ಲಿ 13 ಪ್ರಶ್ನೆ ಕೇಳಲು ಅವಳಿಗೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆಗೆ ಯಾವ ಅಂತರರಾಷ್ಟ್ರೀಯ ಪತ್ರಿಕೆಯೂ ಉತ್ತರ ಕೊಡಲಾರದು.

ರೂತ್ ಮೆಕ್ಕಾರ್ಕಲ್ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು 2019ರಲ್ಲಿ ತೀರಿಕೊಂಡರು. ಅಲ್ಲಿ ಅವರು ಕೂತ ಪೀಠಕ್ಕೆ ಫ್ಲಾರೆನ್ಸ್ ವಾಲ್ಡ್ ಹೆಸರು. ಕೊನೆಗಾಲದ ರೋಗಿಗಳ ಆರೈಕೆ ಹೇಗಿರಬೇಕೆಂದು ಲಂಡನ್ನಿನ ಸಿಸಿಲಿ ಸಾಂಡರ್ಸ್ ಅವರ ಒಂದು ಭಾಷಣ ಕೇಳಿ, ಶುಶ್ರೂಷಾ ಶಾಲೆಯ ಮುಖ್ಯಸ್ಥೆಯ ಹುದ್ದೆಯನ್ನೇ ಬಿಟ್ಟು ಅದರ ಹಿಂದೆ ಹೋದಾಕೆ ವಾಲ್ಡ್. ಸಾಂಡರ್ಸ್ ಕೂಡ ಮೊದಲು ದಾದಿಯಾಗಿದ್ದು ಆಮೇಲೆ ಡಾಕ್ಟರಾದವರು.

ಒಮ್ಮೆ ಆ 10 ವಿಷಯಗಳನ್ನು ಮನೆಮಾತಿಗೆ ತರಲು ಕೂತೆ. ನಿದ್ದೆ, ಹಸಿವು, ನೋವು ಸಲೀಸಾಗಿ ಬಂದವು. 'ತನ್ನ ರೂಪ' ಎಂಬಲ್ಲಿ ತಡೆಯಿತು. ಖಾಲಾ ಕನ್ನಡಿ ನೋಡುವುದನ್ನು ಬಿಟ್ಟು ತಿಂಗಳುಗಳಾಗಿದ್ದವು, ಆದರೆ ಕೂದಲು ಉದುರಿದ್ದು ಬುರ್ಖಾದೊಳಗೆ ಯಾರಿಗೂ ಗೊತ್ತಾಗುವುದಿಲ್ಲವೆಂದು ನಗುತ್ತಿದ್ದರು. ಇದಕ್ಕೆ 1 ಕೊಡಬೇಕೋ 5 ಕೊಡಬೇಕೋ? ಆ ರಾತ್ರಿ ಕೇರಳದ ಹುಡುಗಿಯ ಮುಂದೆ ಅವರು ಕೊನೆಗೂ ಬಾಯಿಬಿಟ್ಟದ್ದು ಮಾತ್ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬಲಗೈ ಬಾತು ಬಳೆ ಏರುತ್ತಿರಲಿಲ್ಲ. ಅದು ಹೋಗಲಿ. ಸಜ್ದಾಕ್ಕೆ ಬಾಗಿದರೆ ಕೈ ಊರಲಾಗುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂತು ನಮಾಜು ಮಾಡಬೇಕಾಗಿತ್ತು. ನೆಲಕ್ಕೆ ಹಣೆ ಮುಟ್ಟದೆ ನಿದ್ದೆ ಬರುವುದಿಲ್ಲ ಮಗಳೇ ಎಂದರು. ಹುಡುಗಿಗೆ ಅರ್ಥವಾಯಿತೋ ಇಲ್ಲವೋ. ಒಂದು ದಿಂಬು ತಂದು ಖಾಲಾನ ಬಲಗೈಯನ್ನು ಅದರ ಮೇಲೆ ಎತ್ತರಿಸಿಟ್ಟಳು. ಹಾಸಿಗೆಯ ಕಾಲಿನ ಕಡೆ ನೇತುಹಾಕಿದ್ದ ಹಾಳೆಯಲ್ಲಿ ಬಲಗೈ ಬಾವು, ನಿದ್ದೆ 3 ಗಂಟೆ ಎಂದು ಬರೆದು, ಪಕ್ಕದ ಹಾಸಿಗೆಗೆ ಹೋದಳು.